ಸುಳ್ಳಾಡದೆ ಒಲಿಸುವ ಕಲೆ: ಲಿಂಗತ್ವ ಅಲ್ಪಸಂಖ್ಯಾತರ ಆರೋಗ್ಯ ಹಕ್ಕಿನ ಸುದ್ದಿ ಓದುವಾಗ

2025ರ ಜೂನ್ 18ರಂದು ಅಮೆರಿಕದ ಸುಪ್ರೀಂ ಕೋರ್ಟ್ ಟೆನೆಸ್ಸೀ ರಾಜ್ಯದ ಕಾನೂನೊಂದನ್ನು 6–3 ಬಹುಮತದಿಂದ ಎತ್ತಿಹಿಡಿಯಿತು. 18 ತುಂಬದವರಿಗೆ ಲಿಂಗತ್ವದ ತಳಮಳಕ್ಕೆಂದು (ಹುಟ್ಟಿನ ಲಿಂಗಕ್ಕೂ ಒಳಗಿನಿಂದ ಅನಿಸುವ ಲಿಂಗತ್ವಕ್ಕೂ ಹೊಂದದೆ ಆಗುವ ಸಂಕಟ) ಪ್ರೌಢಾವಸ್ಥೆ ತಡೆಯುವ ಔಷಧವನ್ನಾಗಲಿ, ಹಾರ್ಮೋನನ್ನಾಗಲಿ ಕೊಡಬಾರದು ಎನ್ನುವ ಕಾನೂನು ಅದು. ಈ ಒಂದು ಸಂಗತಿಗೆ ಮೂರು ತಲೆಬರಹ ಕೊಟ್ಟು ನೋಡೋಣ. ‘ಮಕ್ಕಳ ಲಿಂಗ ಬದಲಾವಣೆಗೆ ಕೋರ್ಟ್ ಕಡಿವಾಣ.’ ‘ಟ್ರಾನ್ಸ್ ಮಕ್ಕಳ ಚಿಕಿತ್ಸೆ ಕಸಿದ ಕೋರ್ಟ್.’ ‘ಚಿಕಿತ್ಸೆ ನಿಷೇಧಿಸಲು ರಾಜ್ಯಕ್ಕೆ ಅಡ್ಡಿಯಿಲ್ಲ: ಕೋರ್ಟ್.’

ಮೂರರಲ್ಲಿ ಯಾವುದನ್ನೂ ಹಸಿ ಸುಳ್ಳು ಎನ್ನಲಾಗದು. ಆದರೂ ಓದಿದವರು ಮೂರು ಬೇರೆ ಬೇರೆ ಲೋಕಗಳಲ್ಲಿ ನಿಂತಿರುತ್ತಾರೆ. ಕಡಿವಾಣ ಬೀಳುವುದು ಅಡ್ಡಾದಿಡ್ಡಿ ಓಡುವ ಕುದುರೆಗೆ; ಆ ಪದ ಬಂತೆಂದರೆ ಏನೋ ಹದ್ದು ಮೀರಿತ್ತು ಎಂದು ಓದುಗರು ತಾವೇ ತೀರ್ಮಾನಿಸುತ್ತಾರೆ. ಕಸಿಯುವುದು ಇನ್ನೊಬ್ಬರ ಸೊತ್ತನ್ನು. ಅಲ್ಲಿಗೆ ಕೋರ್ಟು ಕಳ್ಳನಾಯಿತು. ಮೂರನೆಯದು ಸಪ್ಪೆ, ಆದರೆ ತೀರ್ಪಿಗೆ ಹತ್ತಿರ. ಕೋರ್ಟು ನಿಷೇಧ ಹೇರಿರಲಿಲ್ಲ, ಹೇರಿದ್ದು 2023ರಲ್ಲಿ ಅಲ್ಲಿನ ಶಾಸನಸಭೆ. ಈ ಔಷಧಗಳು ಒಳ್ಳೆಯವೋ ಕೆಟ್ಟವೋ ಎಂದೂ ಕೋರ್ಟು ಹೇಳಲಿಲ್ಲ. ಅದರ ಮುಂದಿದ್ದ ಪ್ರಶ್ನೆ ಬಹಳ ಕಿರಿದು: ಈ ಕಾನೂನು ಗಂಡು–ಹೆಣ್ಣೆಂಬ ಆಧಾರದ ಮೇಲೆ ಭೇದ ಮಾಡುತ್ತದೆಯೇ, ಹಾಗಾದರೆ ಅದನ್ನು ಬಿಗಿಯಾದ ಒರೆಗಲ್ಲಿಗೆ ಹಚ್ಚಬೇಕೇ? ಇಲ್ಲ, ವಯಸ್ಸು ಮತ್ತು ಚಿಕಿತ್ಸೆಯ ಉದ್ದೇಶದ ಮೇಲೆ ಮಾಡುತ್ತದೆ ಎಂದಿತು ಬಹುಮತ. ಉಳಿದದ್ದನ್ನು ಜನರಿಗೂ ಅವರ ಪ್ರತಿನಿಧಿಗಳಿಗೂ ಬಿಟ್ಟಿತು. ‘ಚಿಕಿತ್ಸೆ ಅಪಾಯಕಾರಿ ಎಂದು ಕೋರ್ಟೇ ಒಪ್ಪಿದೆ’ ಎಂಬ ಮಾತು ಆಮೇಲೆ ಹರಡಿದ್ದಕ್ಕೆ ಕಾರಣ ತೀರ್ಪಲ್ಲ, ತೀರ್ಪಿನ ವರದಿ.

ಒಂಬತ್ತು ದಿನದ ನಂತರ, ಜೂನ್ 27ರಂದು, ಇದರದೇ ಕನ್ನಡಿಬಿಂಬದಂಥ ಪ್ರಕರಣ ಬಂತು. ಎಚ್‌ಐವಿ ತಗಲದಂತೆ ಮುಂಚಿತವಾಗಿ ನುಂಗುವ ಪ್ರೆಪ್ ಮಾತ್ರೆಯನ್ನು ವಿಮಾ ಕಂಪನಿಗಳು ಉಚಿತವಾಗಿ ಕೊಡಬೇಕೆಂಬ ನಿಯಮವನ್ನು ಕೆಲವು ಉದ್ಯೋಗದಾತರು ಧಾರ್ಮಿಕ ನೆಲೆಯಲ್ಲಿ ಪ್ರಶ್ನಿಸಿದ್ದರು. ಅದೇ ಕೋರ್ಟು, ಮತ್ತೆ 6–3ರಲ್ಲಿ, ನಿಯಮ ಉಳಿಯುವಂತೆ ಮಾಡಿತು. ಇದನ್ನು ಸಮುದಾಯದ ಗೆಲುವೆಂದು ಬರೆಯುವುದು ಸುಲಭ. ಆದರೆ ಕೋರ್ಟು ತೀರ್ಮಾನಿಸಿದ್ದು, ಯಾವುದನ್ನು ಉಚಿತವಾಗಿ ಕೊಡಬೇಕೆಂದು ಶಿಫಾರಸು ಮಾಡುವ ತಜ್ಞರ ಸಮಿತಿಯ ನೇಮಕ ಸಂವಿಧಾನಬದ್ಧವೇ ಎಂಬುದನ್ನು. ಬದ್ಧ ಎನ್ನಲು ಅದು ಕೊಟ್ಟ ಕಾರಣವೆಂದರೆ, ಸಮಿತಿಯ ಮೇಲೆ ಆರೋಗ್ಯ ಸಚಿವರ ಹಿಡಿತ ಇದೆ ಎಂಬುದು. ಸಚಿವರು ಸದಸ್ಯರನ್ನು ತೆಗೆದುಹಾಕಬಹುದು, ಶಿಫಾರಸನ್ನು ತಡೆಯಬಹುದು. ಗೆಲುವಿನ ಸುದ್ದಿಯ ಹೊಟ್ಟೆಯೊಳಗೇ ಮುಂದಿನ ಸಂಕಟದ ಬೀಜವಿತ್ತು. ಆರೋಗ್ಯ ಹಕ್ಕಿನ ತೀರ್ಪಿನ ವರದಿ ಕೈಗೆ ಬಂದಾಗ ಕೇಳಬೇಕಾದ ಮೊದಲ ಪ್ರಶ್ನೆ: ಕೋರ್ಟಿನ ಮುಂದೆ ಇದ್ದ ಪ್ರಶ್ನೆ ಯಾವುದು? ಅದು ವರದಿಯ ಮೊದಲ ಐದು ವಾಕ್ಯಗಳಲ್ಲಿ ಇಲ್ಲದಿದ್ದರೆ ವರದಿಗಾರರು ಯಾರು ಗೆದ್ದರು ಎಂಬುದನ್ನಷ್ಟೇ ಬರೆದಿದ್ದಾರೆ ಎಂದರ್ಥ.

ಪದಗಳ ವಿಷಯಕ್ಕೆ ಬಂದರೆ ಕನ್ನಡದ ಓದುಗರ ಪಾಡು ಇನ್ನೂ ವಿಚಿತ್ರ. ಹೊರದೇಶದ ಸುದ್ದಿ ಇಂಗ್ಲಿಷಿನಲ್ಲಿ ಒಮ್ಮೆ ಬಣ್ಣ ಬಳಿಸಿಕೊಂಡು ಬರುತ್ತದೆ, ಅನುವಾದದ ಮೇಜಿನಲ್ಲಿ ಎರಡನೇ ಸಲ ಬಳಿಸಿಕೊಳ್ಳುತ್ತದೆ. ಇಂಗ್ಲಿಷಿನ ‘ಜೆಂಡರ್ ಅಫರ್ಮಿಂಗ್ ಕೇರ್’ ಎಂಬ ಮಾತನ್ನೇ ತೆಗೆದುಕೊಳ್ಳಿ. ಅದರೊಳಗೆ ಆಪ್ತಸಮಾಲೋಚನೆ, ಧ್ವನಿ ತರಬೇತಿ, ಔಷಧ, ಹಾರ್ಮೋನು, ಶಸ್ತ್ರಚಿಕಿತ್ಸೆ ಎಲ್ಲವೂ ಸೇರುತ್ತವೆ. ಅವಸರದ ಅನುವಾದದಲ್ಲಿ ಅದು ‘ಲಿಂಗ ಪರಿವರ್ತನೆ ಶಸ್ತ್ರಚಿಕಿತ್ಸೆ’ ಆಗುತ್ತದೆ. ಲಿಂಗತ್ವ ಹೋಗಿ ಲಿಂಗ ಬಂತು; ಕನ್ನಡದಲ್ಲಿ ಅದು ಅಂಗದ ಹೆಸರೂ ಹೌದು. ದೃಢೀಕರಣ ಹೋಗಿ ಪರಿವರ್ತನೆ ಬಂತು. ಆರೈಕೆ ಹೋಗಿ ಕತ್ತರಿ ಬಂತು. ಮೂರು ಪದಗಳಲ್ಲಿ ಮೂರು ಜಾರುವಿಕೆ. ಪರಿಣಾಮ ಏನೆಂದರೆ, ಹದಿಹರೆಯದವರ ಕುರಿತ ಪ್ರತಿ ಸುದ್ದಿಯೂ ಆಪರೇಷನ್ ಥಿಯೇಟರಿನ ಸುದ್ದಿಯಾಗಿ ಓದಿಸಿಕೊಳ್ಳುತ್ತದೆ. ಅಮೆರಿಕದ 2019ರ ವಿಮಾ ದಾಖಲೆಗಳನ್ನು ನೋಡಿ 2024ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಇಂಥ ಶಸ್ತ್ರಚಿಕಿತ್ಸೆ 15ರಿಂದ 17 ವಯಸ್ಸಿನವರಲ್ಲಿ ಲಕ್ಷಕ್ಕೆ 2.1, 12 ಮತ್ತು ಅದಕ್ಕಿಂತ ಚಿಕ್ಕವರಲ್ಲಿ ಸೊನ್ನೆ.

ಹಾಗೆಂದು ‘ದೃಢೀಕರಣ’ ಬಣ್ಣವಿಲ್ಲದ ನೀರೇನಲ್ಲ. ಚಿಕಿತ್ಸೆ ಸರಿಯೇ ಎಂಬ ಚರ್ಚೆ ನಡೆಯುತ್ತಿರುವಲ್ಲಿ ಉತ್ತರವನ್ನು ಹೆಸರಿನೊಳಗೇ ಇಟ್ಟುಕೊಂಡ ಪದ ಅದು. ವೈದ್ಯರ ಬಾಯಲ್ಲಿ ಅದು ಪಾರಿಭಾಷಿಕ, ಸುದ್ದಿಯ ಬಾಯಲ್ಲಿ ಒಂದು ಪಕ್ಷ. ನನ್ನ ಮಟ್ಟಿಗೆ ಇದಕ್ಕಿರುವ ದಾರಿ ಒಂದೇ: ಛತ್ರಿಪದ ಬಿಟ್ಟು ಆ ಸುದ್ದಿಯಲ್ಲಿ ನಿಜಕ್ಕೂ ಯಾವುದರ ಮಾತು ಇದೆಯೋ ಅದನ್ನು ಹೆಸರಿಸುವುದು. ಹಾರ್ಮೋನಾದರೆ ಹಾರ್ಮೋನು ಎನ್ನಿ.

ಇನ್ನೊಂದು ಎಡವಟ್ಟು ಕನ್ನಡಕ್ಕೇ ವಿಶೇಷವಾದದ್ದು. ಸಲಿಂಗಾಕರ್ಷಣೆಯನ್ನೋ ಲಿಂಗತ್ವವನ್ನೋ ‘ಸರಿಪಡಿಸುತ್ತೇವೆ’ ಎಂದು ನಡೆಸುವ ಕನ್ವರ್ಷನ್ ಥೆರಪಿಗೆ ನಾವು ‘ಪರಿವರ್ತನಾ ಚಿಕಿತ್ಸೆ’ ಎನ್ನುತ್ತೇವೆ. ಟ್ರಾನ್ಸ್‌ಜೆಂಡರ್ ವ್ಯಕ್ತಿ ತಾನಾಗಿ ಬಯಸಿ ಪಡೆಯುವುದಕ್ಕೆ ‘ಲಿಂಗ ಪರಿವರ್ತನಾ ಚಿಕಿತ್ಸೆ’ ಎನ್ನುತ್ತೇವೆ. ಒಂದು ಪದದ ಅಂತರ, ಅರ್ಥ ಪೂರ್ತಿ ಉಲ್ಟಾ. ಮದ್ರಾಸ್ ಹೈಕೋರ್ಟಿನ 2021ರ ಜೂನ್ 7ರ ಆದೇಶದ ಬೆನ್ನಿಗೆ, 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಮೊದಲನೆಯದನ್ನು ವೃತ್ತಿ ದುರ್ನಡತೆ ಎಂದು ಸಾರಿತು. ಈ ಸುದ್ದಿ ‘ಪರಿವರ್ತನಾ ಚಿಕಿತ್ಸೆಗೆ ನಿಷೇಧ’ ಎಂದು ಬಂದರೆ ಹಾರ್ಮೋನು ತೆಗೆದುಕೊಳ್ಳುತ್ತಿರುವವರ ಎದೆ ಧಸಕ್ಕೆಂದರೆ ಆಶ್ಚರ್ಯವಿಲ್ಲ. ‘ಬಲವಂತದ ಮನಪರಿವರ್ತನೆ’ ಎಂದೋ, ‘ಸರಿಪಡಿಸುವ ಹೆಸರಿನ ಹಿಂಸೆ’ ಎಂದೋ ಬರೆದರೆ ಗೊಂದಲ ತಪ್ಪುತ್ತದೆ. ಎರಡನೆಯದರಲ್ಲಿ ತೀರ್ಪು ಅಡಗಿದೆ, ನಿಜ. ಆದರೆ ಹಾನಿ ಆಗುತ್ತದೆಂದು ವೈದ್ಯಕೀಯ ವಲಯ ಒಪ್ಪಿಕೊಂಡಿರುವ ಕಡೆ ‘ಚಿಕಿತ್ಸೆ’ ಎಂಬ ಗೌರವದ ಪದ ಬಳಸುವುದೂ ತೀರ್ಪೇ.

ಔಷಧದ ಹೆಸರೂ ಇದೇ ಬಗೆಯದು. ಪ್ಯೂಬರ್ಟಿ ಬ್ಲಾಕರ್ ಎಂದು ಕರೆಯುವುದು ಮೆದುಳಿನಿಂದ ಲೈಂಗಿಕ ಗ್ರಂಥಿಗಳಿಗೆ ಹೋಗುವ ಸೂಚನೆಯನ್ನು ನಿಲ್ಲಿಸುವ ಹಾರ್ಮೋನು ಔಷಧಗಳನ್ನು. ಆರೇಳು ವರ್ಷಕ್ಕೇ ಮೈನೆರೆಯುವ ಮಕ್ಕಳಿಗೆ ಅವನ್ನು 1980ರ ದಶಕದಿಂದ ಕೊಡುತ್ತಿದ್ದಾರೆ. ಟೆನೆಸ್ಸೀ ಕಾನೂನು ಆ ಬಳಕೆಯನ್ನು ಮುಟ್ಟಿಲ್ಲ. ಪ್ರಾಸ್ಟೇಟ್ ಕ್ಯಾನ್ಸರಿಗೂ ಇದೇ ಗುಂಪಿನ ಔಷಧ ಬಳಕೆಯಲ್ಲಿದೆ. ಒಂದು ಬಣ ಇದನ್ನು ‘ವಿರಾಮ ಗುಂಡಿ’ ಎನ್ನುತ್ತದೆ: ಒತ್ತಿದರೆ ನಿಂತಿತು, ಬಿಟ್ಟರೆ ಮುಂದುವರಿಯಿತು, ಬೆಲೆಯೇನೂ ತೆರಬೇಕಿಲ್ಲ ಎಂಬ ಧ್ವನಿ. ಈ ಔಷಧದಿಂದ ಮೂಳೆ ಸಾಂದ್ರತೆ ಕುಂದೀತೇ ಎಂಬ ಪ್ರಶ್ನೆ ಆ ರೂಪಕದಲ್ಲಿ ಮಾಯ. ಇನ್ನೊಂದು ಬಣ ‘ರಾಸಾಯನಿಕ ಬೀಜ ಒಡೆಯುವಿಕೆ’ ಎನ್ನುತ್ತದೆ: ಮಾಡಿದ್ದು ಮರಳದು ಎಂಬ ಧ್ವನಿ. ಎರಡೂ ರೂಪಕಗಳು ವಾದ ಮಾಡದೆಯೇ ವಾದ ಗೆಲ್ಲುತ್ತವೆ.

ಸರ್ಕಾರಿ ಆದೇಶಗಳ ಶೀರ್ಷಿಕೆಯೇ ಒಲಿಸುವ ಯಂತ್ರವಾಗಿರುವುದೂ ಉಂಟು. 2025ರ ಜನವರಿ 28ರಂದು ಅಮೆರಿಕದ ಅಧ್ಯಕ್ಷರು ಹೊರಡಿಸಿದ ಆದೇಶದ ಹೆಸರಿನಲ್ಲೇ ‘ಮಕ್ಕಳ ರಕ್ಷಣೆ’ಯೂ ‘ಅಂಗಛೇದನ’ವೂ ಇದ್ದವು. ಹೆಸರನ್ನು ಹಾಗೇ ತಲೆಬರಹಕ್ಕೆ ಎತ್ತಿಕೊಂಡ ವರದಿಗಾರ ತಾನು ನಿಷ್ಪಕ್ಷಪಾತವಾಗಿ ಉದ್ಧರಿಸುತ್ತಿದ್ದೇನೆ ಎಂದುಕೊಂಡಿರುತ್ತಾನೆ. ಆದರೆ ಆದೇಶದ ವ್ಯಾಖ್ಯೆಯಲ್ಲಿ ಮಗು ಎಂದರೆ 19 ತುಂಬದ ವ್ಯಕ್ತಿ. ಮತ ಹಾಕುವ, ಸೇನೆ ಸೇರುವ 18ರ ವಯಸ್ಕರೂ ಅದರೊಳಗಿದ್ದಾರೆ. ‘ಮಕ್ಕಳು’ ಎಂಬ ಪದ ಕಂಡಾಗಲೆಲ್ಲ ವಯಸ್ಸಿನ ಅಂಕಿ ಹುಡುಕಬೇಕು. ಆರು ವರ್ಷದ ಮಗುವನ್ನು ಕಣ್ಣ ಮುಂದೆ ತಂದು ಹದಿನೇಳರ ಸುದ್ದಿ ಓದಿಸುವುದು ಈ ಕ್ಷೇತ್ರದ ಅತ್ಯಂತ ಹಳೆಯ ಕೈಚಳಕ.

ಅಂಕಿಗಳಿಗೆ ಬರೋಣ. ರಾಯಿಟರ್ಸ್ 2022ರಲ್ಲಿ ವಿಮಾ ದಾಖಲೆಗಳ ಲೆಕ್ಕ ಪ್ರಕಟಿಸಿತು. ಅಮೆರಿಕದಲ್ಲಿ 6ರಿಂದ 17 ವಯಸ್ಸಿನವರಲ್ಲಿ ಲಿಂಗತ್ವ ತಳಮಳದ ಹೊಸ ರೋಗನಿರ್ಣಯ 2017ರಲ್ಲಿ 15,172 ಇದ್ದದ್ದು 2021ಕ್ಕೆ 42,167 ಆಗಿತ್ತು. ‘ನಾಲ್ಕೇ ವರ್ಷದಲ್ಲಿ ಮೂರು ಪಟ್ಟು’ ಎಂದು ಬರೆಯಬಹುದು, ಹತ್ತಿರಹತ್ತಿರ ಸರಿ. ಆ ವಯೋಮಾನದ ಮಕ್ಕಳು ಅಲ್ಲಿ ಸುಮಾರು 5 ಕೋಟಿ, ಆದ್ದರಿಂದ ‘ಹತ್ತು ಸಾವಿರಕ್ಕೆ ಎಂಟು ಅಥವಾ ಒಂಬತ್ತು’ ಎಂದೂ ಬರೆಯಬಹುದು, ಅದೂ ಸರಿ. 2021ರಲ್ಲಿ ತಡೆ ಔಷಧ ಆರಂಭಿಸಿದವರು 1,390, ಹಾರ್ಮೋನು ಆರಂಭಿಸಿದವರು 4,231 ಎಂದು ಮುಂದುವರಿಸಿದರೆ ಚಿತ್ರ ಮತ್ತಷ್ಟು ಬದಲಾಗುತ್ತದೆ: ರೋಗನಿರ್ಣಯವಾದ ಹೆಚ್ಚಿನವರು ಔಷಧದ ಹಂತಕ್ಕೆ ಬಂದೇ ಇರಲಿಲ್ಲ. ವಿಮೆಗೆ ಬಿಲ್ಲು ಹಾಕದೆ ಕೈಯಿಂದ ಹಣ ಕೊಟ್ಟವರು ಈ ಲೆಕ್ಕದಲ್ಲಿ ಇಲ್ಲ ಎಂಬುದೂ ಸೇರಬೇಕು. ಪಟ್ಟು ಹೇಳುವವರು ಛೇದವನ್ನು ಬಚ್ಚಿಡುತ್ತಾರೆ, ಛೇದ ಹೇಳುವವರು ಏರಿಕೆಯನ್ನು ಬಚ್ಚಿಡುತ್ತಾರೆ.

ಪಶ್ಚಾತ್ತಾಪದ ಲೆಕ್ಕವೂ ಹೀಗೆಯೇ. ‘ಶೇ 1 ಮಾತ್ರ ಪಶ್ಚಾತ್ತಾಪ ಪಡುತ್ತಾರೆ’ ಎಂಬುದು 2021ರ ಒಂದು ವಿಮರ್ಶೆಯದು; 27 ಅಧ್ಯಯನ, 7,928 ರೋಗಿಗಳು. ಅವರು ಪಡೆದದ್ದು ಶಸ್ತ್ರಚಿಕಿತ್ಸೆ. ಅದನ್ನು ಹಾರ್ಮೋನು ಆರಂಭಿಸುವ ಹದಿಹರೆಯದವರ ಸುದ್ದಿಗೆ ಅಂಟಿಸುವುದು ಅಳತೆಗೋಲು ಬದಲಿಸಿದಂತೆ. ಮೇಲಾಗಿ ಮೂಲ ಅಧ್ಯಯನಗಳಲ್ಲಿ ಸಂಪರ್ಕ ತಪ್ಪಿಹೋದ ರೋಗಿಗಳ ಸಮಸ್ಯೆಯೂ ಇದೆ. ಎದುರು ಬದಿಯಲ್ಲಿ ‘ಶೇ 80 ಮಕ್ಕಳು ದೊಡ್ಡವರಾದಾಗ ಮನಸ್ಸು ಬದಲಿಸುತ್ತಾರೆ’ ಎಂಬ ಅಂಕಿ ತಿರುಗುತ್ತಿದೆ. ಅದು ಪ್ರೌಢಾವಸ್ಥೆಗೆ ಮುನ್ನಿನ ಮಕ್ಕಳ ಹಳೆಯ ಅಧ್ಯಯನಗಳಿಂದ ಬಂದದ್ದು. 2013ರಲ್ಲಿ ರೋಗನಿರ್ಣಯದ ಮಾನದಂಡ ಬದಲಾದ ಮೇಲೆ ಅವರಲ್ಲಿ ಎಷ್ಟೋ ಮಕ್ಕಳು ಆ ವ್ಯಾಖ್ಯೆಯೊಳಗೇ ಬರುತ್ತಿರಲಿಲ್ಲ. ತಡೆ ಔಷಧವನ್ನು ಪ್ರೌಢಾವಸ್ಥೆ ಶುರುವಾಗುವ ಮುನ್ನ ಕೊಡುವುದೂ ಇಲ್ಲ.

ಸಾಕ್ಷ್ಯದ ಗುಣಮಟ್ಟದ ಮಾತು ಬಂದಾಗ ಎರಡೂ ಬಣಗಳು ಎಡವುವುದನ್ನು ನೋಡಲು ಇಂಗ್ಲೆಂಡಿನ ಕ್ಯಾಸ್ ವರದಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಮಕ್ಕಳ ವೈದ್ಯೆ ಹಿಲರಿ ಕ್ಯಾಸ್ ನೇತೃತ್ವದಲ್ಲಿ ಅಲ್ಲಿನ ಮಕ್ಕಳ ಲಿಂಗತ್ವ ಸೇವೆಯನ್ನು ಪರಿಶೀಲಿಸಿದ ಈ ಅಂತಿಮ ವರದಿ ಬಂದದ್ದು 2024ರ ಏಪ್ರಿಲ್ 10ರಂದು. ಅದಕ್ಕಾಗಿ ಯಾರ್ಕ್ ವಿಶ್ವವಿದ್ಯಾಲಯದ ತಂಡ ತಡೆ ಔಷಧದ 50 ಮತ್ತು ಹಾರ್ಮೋನಿನ 53 ಅಧ್ಯಯನಗಳನ್ನು ತೂಗಿತ್ತು. ಒಟ್ಟು 103ರಲ್ಲಿ ಉತ್ತಮ ಗುಣಮಟ್ಟದ್ದು 2, ಮಧ್ಯಮ 58, ಕಳಪೆ 43. ಮೊದಲ ಎರಡು ಗುಂಪು, ಅಂದರೆ 60 ಅಧ್ಯಯನ, ವಿಶ್ಲೇಷಣೆಗೆ ಬಳಕೆಯಾದವು. ವರದಿ ಹೊರಬಿದ್ದ ಕೂಡಲೇ ವಿರೋಧಿಸಿದವರು ‘ಶೇ 98 ಅಧ್ಯಯನಗಳನ್ನು ಕಸದ ಬುಟ್ಟಿಗೆ ಎಸೆದರು’ ಎಂದು ಹರಡಿದರು. ಎರಡು ಮಾತ್ರ ‘ಉತ್ತಮ’ ಎಂಬ ಅಂಕಿಯನ್ನು ಎರಡು ಮಾತ್ರ ಬಳಸಿದರು ಎಂದು ಓದಿದ ಫಲ. ಸ್ವಾಗತಿಸಿದವರು ‘ಚಿಕಿತ್ಸೆಗೆ ಸಾಕ್ಷ್ಯವೇ ಇಲ್ಲ’ ಎಂದು ಬರೆದರು. ಸಾಕ್ಷ್ಯ ದುರ್ಬಲ ಎಂಬುದಕ್ಕೂ ಚಿಕಿತ್ಸೆ ನಿಷ್ಫಲ ಎಂಬುದಕ್ಕೂ ನಡುವೆ ದೊಡ್ಡ ಕಂದಕವಿದೆ. ವೈದ್ಯಕೀಯ ಸಂಶೋಧನೆಯಲ್ಲಿ ‘ಕಡಿಮೆ ಖಚಿತತೆ’ ಎಂದರೆ ಮುಂದಿನ ಅಧ್ಯಯನ ಈ ಅಂದಾಜನ್ನು ಬದಲಿಸುವ ಸಾಧ್ಯತೆ ಹೆಚ್ಚು ಎಂದು; ಬದಲಾವಣೆ ಯಾವ ದಿಕ್ಕಿಗೆ ಎಂದಲ್ಲ. ಇಲ್ಲಿ ಅಂಧ ಪ್ರಯೋಗ ನಡೆಸುವುದೂ ಕಷ್ಟ: ಔಷಧ ಸಿಕ್ಕಿತೋ ಸಕ್ಕರೆ ಗುಳಿಗೆ ಸಿಕ್ಕಿತೋ ಎಂಬುದನ್ನು ಕೆಲವೇ ತಿಂಗಳಲ್ಲಿ ಮೈಯೇ ಹೇಳಿಬಿಡುತ್ತದೆ.

‘ಯುರೋಪಿನಲ್ಲಿ ನಿಷೇಧ’ ಎಂಬ ಮಾತೂ ಇದೇ ವರದಿಯ ಬಾಲ ಹಿಡಿದು ಬರುತ್ತದೆ. ಫಿನ್ಲೆಂಡ್ 2020ರಲ್ಲಿ, ಸ್ವೀಡನ್ 2022ರಲ್ಲಿ ಕೈ ಬಿಗಿ ಮಾಡಿದ್ದು ಹೌದು. ಆದರೆ ಅಲ್ಲಿ ಪ್ರಕರಣ ನೋಡಿ ಕೊಡುವ ಬಾಗಿಲು ಮುಚ್ಚಿಲ್ಲ. ಇಂಗ್ಲೆಂಡಿನಲ್ಲಿ ತಡೆ ಔಷಧ ನಿಂತಿತು, ಹಾರ್ಮೋನಿಗೆ 16ರ ನಂತರ ಬಹಳ ಎಚ್ಚರದಿಂದ ಎಂದು ವರದಿ ಹೇಳಿತು. ಇದು ಟೆನೆಸ್ಸೀಯಂಥ ಸಾರಾಸಗಟು ಕಾನೂನಲ್ಲ. ‘ದೊಡ್ಡ ವೈದ್ಯಕೀಯ ಸಂಘಗಳೆಲ್ಲ ಬೆಂಬಲಿಸುತ್ತವೆ’ ಎಂಬ ಮಾತು ಅಮೆರಿಕದ ಮಟ್ಟಿಗೆ ಬಹುಪಾಲು ನಿಜವಾಗಿತ್ತು. ಜಗತ್ತಿನ ಮಟ್ಟಿಗೆ ಹೇಳಿದರೆ ಅದೂ ಅರ್ಧ ಸತ್ಯವೇ.

ಸಂಘಗಳ ಹೆಸರು ಇನ್ನೊಂದು ಬಲೆ. ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಸುಮಾರು 67,000 ಸದಸ್ಯರ ಸಂಸ್ಥೆ. ಅಮೆರಿಕನ್ ಕಾಲೇಜ್ ಆಫ್ ಪೀಡಿಯಾಟ್ರಿಷಿಯನ್ಸ್ ಅದರಿಂದ ಸಿಡಿದು 2002ರಲ್ಲಿ ಹುಟ್ಟಿದ, ಕೆಲವೇ ನೂರು ಸದಸ್ಯರ ಸಂಪ್ರದಾಯನಿಷ್ಠ ಗುಂಪು. ಕನ್ನಡಕ್ಕೆ ಬರುವಾಗ ಎರಡೂ ‘ಅಮೆರಿಕದ ಮಕ್ಕಳ ವೈದ್ಯರ ಸಂಘ’. ಎರಡು ಬದಿಗೆ ಎರಡು ಉಲ್ಲೇಖ ಇಟ್ಟರೆ ವೈದ್ಯಲೋಕ ಸರಿಸಮ ಒಡೆದಿದೆ ಎಂಬ ಭಾವನೆ ಗ್ಯಾರಂಟಿ. 2018ರಲ್ಲಿ ಪ್ಲಾಸ್ ಒನ್ ನಿಯತಕಾಲಿಕದಲ್ಲಿ ಬಂದ, ಹದಿಹರೆಯದಲ್ಲಿ ‘ದಿಢೀರ್’ ಹುಟ್ಟುವ ಲಿಂಗತ್ವ ತಳಮಳದ ಅಧ್ಯಯನವೂ ಇಂಥದೇ ಪಾಠ. ಉತ್ತರಿಸಿದವರು 256 ಪೋಷಕರು, ಅವರನ್ನು ಹುಡುಕಿದ್ದು ಈ ವಿಷಯದಲ್ಲಿ ಮೊದಲೇ ಸಂಶಯವಿದ್ದವರು ಸೇರುವ ಜಾಲತಾಣಗಳ ಮೂಲಕ. ಮಕ್ಕಳನ್ನು ಕೇಳಿರಲಿಲ್ಲ. 2019ರಲ್ಲಿ ಆ ನಿಯತಕಾಲಿಕ ತಿದ್ದುಪಡಿ ಹಾಕಿತು. ‘ಅಧ್ಯಯನ ಹೇಳುತ್ತದೆ’ ಎಂಬ ವಾಕ್ಯ ಸಿಕ್ಕಲ್ಲೆಲ್ಲ ಯಾರನ್ನು ಕೇಳಿದರು ಎಂದು ಕೇಳಿಕೊಳ್ಳುವ ಅಭ್ಯಾಸ ಒಳ್ಳೆಯದು.

ಆತ್ಮಹತ್ಯೆಯ ವಿಷಯದಲ್ಲಿ ಒಲಿಸುವಿಕೆ ಅಪಾಯದ ಗೆರೆ ದಾಟುತ್ತದೆ. ಸಾಯುವ ಯೋಚನೆ, ಪ್ರಯತ್ನ, ಸಾವು ಇವು ಮೂರು ಬೇರೆ ಸಂಗತಿಗಳು; ವರದಿಗಳಲ್ಲಿ ಒಂದರ ಅಂಕಿ ಇನ್ನೊಂದರ ಹೆಸರಿನಲ್ಲಿ ಬರುತ್ತದೆ. ಇಂಗ್ಲೆಂಡಿನಲ್ಲಿ 2020ರ ಕೊನೆಗೆ ತಡೆ ಔಷಧಕ್ಕೆ ಮೊದಲ ನಿರ್ಬಂಧ ಬಿದ್ದ ಮೇಲೆ ಸಾವುಗಳು ಏಕಾಏಕಿ ಏರಿದವು ಎಂಬ ಮಾತು ಹರಡಿದಾಗ ಸರ್ಕಾರದ ಸಲಹೆಗಾರ ಲೂಯಿಸ್ ಆಪಲ್ಬಿ ದಾಖಲೆ ಪರಿಶೀಲಿಸಿದರು. 2024ರ ಜುಲೈನಲ್ಲಿ ಬಂದ ಅವರ ವರದಿಯ ಪ್ರಕಾರ ಅಲ್ಲಿನ ಮಕ್ಕಳ ಲಿಂಗತ್ವ ಚಿಕಿತ್ಸಾಲಯದ ರೋಗಿಗಳಲ್ಲಿ ಆತ್ಮಹತ್ಯೆಗಳು ಮುಂಚಿನ ಮೂರು ವರ್ಷದಲ್ಲಿ 5, ನಂತರದ ಮೂರು ವರ್ಷದಲ್ಲಿ 7. ಏರಿಕೆ ಎನ್ನಲು ಆಧಾರವಿಲ್ಲ. ಚಿಕಿತ್ಸೆ ಅಥವಾ ಸಾವು, ಎರಡೇ ದಾರಿ ಎಂಬಂತೆ ಬರೆಯುವುದು ಓದುತ್ತಿರುವ ಹುಡುಗ ಹುಡುಗಿಯರ ಮೇಲೆಯೇ ಬೀರುವ ಪರಿಣಾಮವನ್ನು ಅವರು ಕಟುವಾಗಿ ಎತ್ತಿ ಹೇಳಿದರು. ಹಕ್ಕಿನ ಪರ ನಿಂತವರಿಗೆ ಕೇಳಲು ಇಷ್ಟವಾಗದ ಮಾತಿದು. ಆದರೂ ಹೇಳಬೇಕಾದ್ದು.

ಈಗ ಕ್ರಿಯಾಪದ. ಕನ್ನಡ ವರದಿಯಲ್ಲಿ ಮಂತ್ರಿ ‘ಸ್ಪಷ್ಟಪಡಿಸುತ್ತಾರೆ’, ವೈದ್ಯರು ‘ತಿಳಿಸುತ್ತಾರೆ’, ಹೋರಾಟಗಾರರು ‘ಆರೋಪಿಸುತ್ತಾರೆ’, ಟ್ರಾನ್ಸ್ ಮಹಿಳೆ ‘ಅಳಲು ತೋಡಿಕೊಳ್ಳುತ್ತಾರೆ’. ನಾಲ್ವರೂ ಮಾಡಿದ್ದು ಹೇಳುವ ಕೆಲಸವನ್ನೇ. ಸ್ಪಷ್ಟಪಡಿಸುವುದು ಮೊದಲೇ ಇದ್ದ ಸತ್ಯವನ್ನು. ಆರೋಪಕ್ಕೆ ಪುರಾವೆ ಬೇಕು. ಅಳಲಿಗೆ ಕರುಣೆ ಸಾಕು, ಉತ್ತರ ಬೇಕಿಲ್ಲ. ಆಸ್ಪತ್ರೆಯಲ್ಲಿ ದಾಖಲಿಸಿಕೊಳ್ಳಲಿಲ್ಲ ಎಂಬುದು ಒಂದು ದೂರು, ಕಾನೂನಿನ ಉಲ್ಲಂಘನೆ. ಅದು ‘ಅಳಲು’ ಆದ ಕ್ಷಣ ಆಸ್ಪತ್ರೆಯನ್ನು ಪ್ರತಿಕ್ರಿಯೆ ಕೇಳುವ ಅಗತ್ಯವೇ ಬೀಳುವುದಿಲ್ಲ. ‘ಎನ್ನಲಾಗಿದೆ’, ‘ಆತಂಕ ವ್ಯಕ್ತವಾಗಿದೆ’ ಎಂಬ ಕರ್ತರಹಿತ ವಾಕ್ಯಗಳನ್ನೂ ಗುರುತು ಮಾಡಿಕೊಳ್ಳಿ. ಯಾರ ಆತಂಕ? ಎಷ್ಟೋ ಸಲ ವರದಿಗಾರರದೇ.

ಪರೀಕ್ಷಿಸಿ ನೋಡಬೇಕೆನ್ನುವವರು ಒಂದೇ ಘಟನೆಯ ಎರಡು ವರದಿ ಇಟ್ಟುಕೊಳ್ಳಿ. ತಲೆಬರಹ ಮುಚ್ಚಿ ಒಳಗಿನದನ್ನು ಓದಿ, ನೀವೇ ತಲೆಬರಹ ಬರೆದು ಆಮೇಲೆ ಹೋಲಿಸಿ. ಯಾರ ಮಾತು ಮೊದಲು ಬಂತು, ಯಾರಿಗೆ ಎಷ್ಟು ಸಾಲು, ಚಿಕಿತ್ಸೆ ಪಡೆಯುವ ವ್ಯಕ್ತಿಯ ಮಾತು ಎಷ್ಟನೇ ಪ್ಯಾರಾದಲ್ಲಿ ಎಂದು ಎಣಿಸಿ. ಎಷ್ಟೋ ವರದಿಗಳಲ್ಲಿ ಅದು ಬರುವುದೇ ಇಲ್ಲ. ವಿಶೇಷಣಗಳನ್ನು ಹೊಡೆದುಹಾಕಿ ಏನು ಉಳಿಯುತ್ತದೆ ನೋಡಿ. ಈ ಅಭ್ಯಾಸದಲ್ಲಿ ಸಾಮಾನ್ಯವಾಗಿ ಆಗುವ ತಪ್ಪೆಂದರೆ ನಮಗಾಗದ ಪತ್ರಿಕೆಯನ್ನು ಮಾತ್ರ ಸೀಳುವುದು. ಇನ್ನೊಂದು, ಒಲಿಸುವ ತಂತ್ರ ಸಿಕ್ಕಿತು ಎಂದಾಕ್ಷಣ ಸುದ್ದಿ ಸುಳ್ಳು ಎಂದುಕೊಳ್ಳುವುದು. ತಂತ್ರ ಬಳಸಿ ನಿಜವನ್ನೂ ಹೇಳುತ್ತಾರೆ.

ಎಲ್ಲ ಬಣ್ಣ ತೊಳೆದರೆ ಸರಿಹೋಗುತ್ತದೆ ಎಂದೂ ಅಲ್ಲ. 1981ರ ಜುಲೈ 3ರಂದು ನ್ಯೂಯಾರ್ಕ್ ಟೈಮ್ಸ್ 41 ಸಲಿಂಗಿಗಳಲ್ಲಿ ಅಪರೂಪದ ಕ್ಯಾನ್ಸರ್ ಎಂದು ಒಳಪುಟದಲ್ಲಿ ವರದಿ ಮಾಡಿತು. ಮುಂದೆ ಏಡ್ಸ್ ಎಂದು ಹೆಸರಾದದ್ದರ ಮೊದಲ ಸುದ್ದಿಗಳಲ್ಲಿ ಒಂದು. ಅಂಕಿ ಸರಿಯಿತ್ತು, ರೋಗ ‘ಅವರದು’ ಎಂಬ ಭಾವನೆ ದಶಕಗಳ ಕಾಲ ಉಳಿಯಿತು. 2022ರ ಎಂಪಾಕ್ಸ್ (ಮಂಕಿಪಾಕ್ಸ್) ಹರಡುವಿಕೆಯಲ್ಲಿ ಅದೇ ಇಕ್ಕಟ್ಟು ಮರಳಿತು. 16 ದೇಶಗಳ 528 ಸೋಂಕಿತರ ಅಧ್ಯಯನದಲ್ಲಿ ಶೇ 98 ಮಂದಿ ಗೇ ಅಥವಾ ಬೈಸೆಕ್ಷುಯಲ್ ಪುರುಷರು. ಇದನ್ನು ಬರೆದರೆ ಕಳಂಕ, ಮುಚ್ಚಿಟ್ಟರೆ ಲಸಿಕೆ ಮೊದಲು ತಲುಪಬೇಕಾದವರಿಗೇ ಎಚ್ಚರಿಕೆ ತಲುಪುವುದಿಲ್ಲ. ಹರಡುವುದು ಗುರುತಿನಿಂದಲ್ಲ, ಒತ್ತೊತ್ತಾದ ಮೈಸ್ಪರ್ಶದಿಂದ ಎಂದು ಅದೇ ವಾಕ್ಯದಲ್ಲಿ ಹೇಳಿದವರು ಒಳ್ಳೆಯ ಕೆಲಸ ಮಾಡಿದರು. ಮುಂದಿನ ಪ್ಯಾರಾಕ್ಕೆ ತಳ್ಳಿದರೆ ಸಾಲದು, ಅಲ್ಲಿಯವರೆಗೆ ಓದುವವರು ಕಡಿಮೆ. ಯುರೋಪಿನ ಸೋಂಕಿನ ಸುದ್ದಿಗೆ ಆಫ್ರಿಕಾದ ಕಪ್ಪು ಮೈಯ ಹಳೆಯ ಚಿತ್ರ ಹಾಕಿದ್ದನ್ನು ಆಫ್ರಿಕಾದ ವಿದೇಶಿ ಪತ್ರಕರ್ತರ ಸಂಘ ಆಗಲೇ ಖಂಡಿಸಿತ್ತು. ಚಿತ್ರದ ಕೆಳಗೆ ಬರೆದದ್ದು ಎಷ್ಟು ಸರಿಯಿದ್ದರೇನು.

ಇಷ್ಟೆಲ್ಲ ಬಣ್ಣಗಳಿಗಿಂತ ಗಟ್ಟಿಯಾಗಿ ಒಲಿಸುವುದು ಸುದ್ದಿಯೇ ಆಗದ ಸಂಗತಿ. ಹದಿಹರೆಯ, ಹಾರ್ಮೋನು, ಶಸ್ತ್ರಚಿಕಿತ್ಸೆ ಇವಿಷ್ಟರ ಸುತ್ತ ಸುತ್ತುವ ವರದಿಗಳನ್ನು ವರ್ಷಗಟ್ಟಲೆ ಓದಿದವರು ಈ ಜನರ ಆರೋಗ್ಯ ಎಂದರೆ ಇಷ್ಟೇ ಎಂದು ನಂಬುತ್ತಾರೆ. ಜ್ವರ ಬಂದ ಟ್ರಾನ್ಸ್ ಮಹಿಳೆಯನ್ನು ಗಂಡಸರ ವಾರ್ಡಿಗೆ ಹಾಕಬೇಕೋ ಹೆಂಗಸರ ವಾರ್ಡಿಗೋ ಎಂದು ಸಿಬ್ಬಂದಿ ಚರ್ಚಿಸುತ್ತ ನಿಂತರೆ ಅದು ಸುದ್ದಿಯಲ್ಲ. ಭಾರತದ 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಕಾಯ್ದೆಯ 15ನೇ ಕಲಮು ಪ್ರತ್ಯೇಕ ಎಚ್‌ಐವಿ ಸಮೀಕ್ಷಾ ಕೇಂದ್ರ, ಶಸ್ತ್ರಚಿಕಿತ್ಸೆ ಮತ್ತು ಹಾರ್ಮೋನು ಸೌಲಭ್ಯ, ವೈದ್ಯ ಪಠ್ಯದ ಪರಿಷ್ಕರಣೆ, ವಿಮೆ ಇವನ್ನೆಲ್ಲ ಸರ್ಕಾರದ ಕರ್ತವ್ಯವೆಂದು ಪಟ್ಟಿ ಮಾಡುತ್ತದೆ. 2022ರ ಆಗಸ್ಟ್ 24ರಂದು ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಆರೋಗ್ಯ ರಕ್ಷಣೆಯ ಆಯುಷ್ಮಾನ್ ಭಾರತ್ ಟಿಜಿ ಪ್ಲಸ್ ಒಪ್ಪಂದಕ್ಕೆ ಸಹಿ ಬಿದ್ದಾಗ ವರ್ಷಕ್ಕೆ 5 ಲಕ್ಷ ರೂಪಾಯಿ ರಕ್ಷಣೆ ಎಂಬ ಅಂಕಿ ಎಲ್ಲ ಕಡೆ ಬಂತು. ರಾಷ್ಟ್ರೀಯ ಪೋರ್ಟಲಿನ ಗುರುತಿನ ಪ್ರಮಾಣಪತ್ರ ಇದ್ದವರಿಗೆ ಮಾತ್ರ ಎಂಬ ಷರತ್ತು, ಬಂದ ಕಡೆ ಕೊನೆಯ ಸಾಲಿನಲ್ಲಿ ಬಂತು. ಪ್ರಮಾಣಪತ್ರಕ್ಕೆ ಅರ್ಜಿ ಹೋಗುವುದು ಜಿಲ್ಲಾಧಿಕಾರಿಗೆ. ಅರ್ಜಿ ಎಷ್ಟು ದಿನ ಕುಳಿತಿದೆ, ಕಾರ್ಡು ಹಿಡಿದು ಹೋದವರಿಗೆ ಯಾವ ಆಸ್ಪತ್ರೆ ಹಾಸಿಗೆ ಕೊಟ್ಟಿತು ಎಂದು ಆರು ತಿಂಗಳ ಮೇಲೆ ಫೋನು ಮಾಡಿ ಕೇಳುವ ವರದಿಗೆ ತಲೆಬರಹ ಹೊಂದಿಸುವುದು ಕಷ್ಟ.